ತಿರುಗುವ ನೀರು, ಏರುವ ಬಿಸಿ

ಕೆಳಗಿನಿಂದ ಕಾಯಿಸಿದ ನೀರು ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಇದಕ್ಕೆ ಸಂವಹನ ಅನ್ನುತ್ತಾರೆ, ಇಷ್ಟು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಈಗ ಆ ಪಾತ್ರೆಯನ್ನೇ ಗರಗರ ತಿರುಗಿಸಿದರೆ? ತಳದ ಬಿಸಿ ಮೇಲಕ್ಕೆ ಹೋಗುವುದು ಜಾಸ್ತಿಯಾಗುತ್ತದಾ, ಕಡಿಮೆಯಾಗುತ್ತದಾ?

ನಾನು ಕಾರವಾರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ತಟ್ಟನೆ ಹೇಳಿದರು. "ಇದರಲ್ಲಿ ಎಂತ ಡೌಟು ಮೇಡಂ? ಚಂದ್ರಶೇಖರ್ 1953ರಲ್ಲೇ ಲೆಕ್ಕ ಮಾಡಿಟ್ಟಿದ್ದಾರೆ. ತಿರುಗಿಸಿದರೆ ಸಂವಹನಕ್ಕೆ ತಡೆ."

ಅವರು ಹೇಳಿದ್ದು ನಿಜವೇ. ಆದರೆ ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಕೇಳಿಕೊಂಡ ಪ್ರಶ್ನೆ ಬೇರೆ. ಸುಮ್ಮನಿದ್ದ ನೀರು ಯಾವಾಗ ಕದಲಲು ಶುರುಮಾಡುತ್ತದೆ ಅನ್ನುವುದು ಅವರ ಲೆಕ್ಕ. ತಿರುಗುವ ನೀರು ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಜೋರಾಗಿ ತಿರುಗುವಾಗ ವೇಗವನ್ನು ಎರಡು ಪಟ್ಟು ಮಾಡಿದರೆ, ಕದಲಿಸಲು ಬೇಕಾದ ತಾಪದ ಅಂತರ ಸುಮಾರು ಎರಡೂವರೆ ಪಟ್ಟಾಗುತ್ತದೆ. ಆಗಲೇ ಕದಡಿ ಕುಣಿಯುತ್ತಿರುವ ನೀರನ್ನು ತಿರುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಆ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು 1969ರಲ್ಲಿ ಥಾಮಸ್ ರಾಸ್ಬಿ ಅಳೆದು ತೋರಿಸಿದರು. ಹವಾಮಾನದವರು ದಿನಾ ಹೆಸರು ಹೇಳುವ ಕಾರ್ಲ್ ಗುಸ್ತಾಫ್ ರಾಸ್ಬಿಯ ಮಗ ಇವರು. ನೀರನ್ನು ಒಂದು ಹದದಲ್ಲಿ ತಿರುಗಿಸಿದರೆ ಬಿಸಿ ಸಾಗುವುದು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಪಾದರಸದಲ್ಲಿ ಹಾಗಾಗಲಿಲ್ಲ.

ಓದಿ ನಂಬುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಫೈನಲ್ ಇಯರಿನ ಇಬ್ಬರು ಮಕ್ಕಳಿಗೆ ಪ್ರಾಜೆಕ್ಟ್ ಬೇಕಿತ್ತು. ಇದನ್ನೇ ಹಿಡಿದೆವು.

ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ ಆಳೆತ್ತರದ ಸಿಲಿಂಡರುಗಳಿವೆ. ನಮ್ಮದು 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಅಕ್ರಿಲಿಕ್ ಕೊಳವೆ. ಬೋರ್ಡ್ ಮಾಡುವ ಅಂಗಡಿಯವರ ಮೂಲಕ ಹುಬ್ಬಳ್ಳಿಯಿಂದ ತರಿಸಿದ್ದು. ಅದರ ಕೆಳಗೊಂದು, ಮೇಲೊಂದು ಅಲ್ಯೂಮಿನಿಯಂ ಪ್ಲೇಟು, 10 ಮಿ.ಮೀ. ದಪ್ಪ. ಪ್ಲೇಟುಗಳನ್ನು ಲೇತಿಗೆ ಹಾಕಿಸಲು ಬೈತಖೋಲದಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರ ಹತ್ತಿರ ಹೋದೆ. ನನ್ನ ಚಿತ್ರ ನೋಡಿ ಅವರು ಕೇಳಿದರು.

"ಇದು ಯಾವ ಬೋಟಿಂದು ಮೇಡಂ?"

"ಬೋಟಿಂದಲ್ಲ, ನೀರು ಕಾಯಿಸೋಕೆ."

"ನೀರು ಕಾಯಿಸೋಕೆ ಇಷ್ಟೆಲ್ಲ ಫಿನಿಶಿಂಗ್ ಎಂತಕ್ಕೆ? ಒಂದು ಗೀಸರ್ ತಗೊಳ್ಳಿ ಮಾರಾಯ್ರೆ."

ಹಾಗಂದರೂ ಕೆಲಸ ಚೊಕ್ಕವಾಗಿ ಮಾಡಿಕೊಟ್ಟರು. ಕೊಳವೆ ಕೂರಲು ಗ್ರೂವ್ ಕೊರೆದು, ಎಂಜಿನ್ನಿಗೆ ಹಾಕುವ ರಬ್ಬರ್ ರಿಂಗನ್ನೇ ಕೂರಿಸಿದರು. ಪ್ಲೇಟಿನ ಬದಿಯಿಂದ ನಡುವಿನವರೆಗೆ ಥರ್ಮಾಮೀಟರಿಗೆ ತೂತು ಕೊರೆದರು. ಒಂದು ಹನಿಯೂ ಸೋರಲಿಲ್ಲ.

ತಿರುಗಿಸುವುದು ಕಷ್ಟವಲ್ಲ. ಸ್ಕೂಟರಿನ ಮುಂದಿನ ಚಕ್ರದ ಹಬ್ಬನ್ನು ಮರದ ಹಲಗೆಗೆ ನೆಟ್ಟಗೆ ಕೂರಿಸಿದೆವು. ಗ್ಯಾರೇಜಿನಿಂದ ತಂದ ಕಾರಿನ ವೈಪರ್ ಮೋಟರಿನಿಂದ ಅದಕ್ಕೆ ಬೆಲ್ಟು. ವೇಗ ಹೆಚ್ಚುಕಡಿಮೆ ಮಾಡಲು ಒಂದು ರೆಗ್ಯುಲೇಟರ್. ಕಷ್ಟ ಇರುವುದು ಕರೆಂಟಿನಲ್ಲಿ. ತಿರುಗುವ ಪಾತ್ರೆಗೆ ವಯರು ಎಳೆದರೆ ಅದು ಸುತ್ತಿಕೊಂಡು ಹರಿಯುತ್ತದೆ, ಅಲ್ವಾ? ಅದಕ್ಕೆ ಬ್ಯಾಟರಿಯನ್ನೂ ಪಾತ್ರೆಯ ಜೊತೆಗೇ ತಿರುಗಿಸುವುದು ಅಂತ ತೀರ್ಮಾನವಾಯಿತು. ತಳದ ಪ್ಲೇಟಿಗೆ ಹೀಟರಾಗಿ ಅಂಟಿಸಿದ್ದು ತ್ರೀಡಿ ಪ್ರಿಂಟರಿನ ಹೀಟ್ ಬೆಡ್, ಅಂದರೆ ಕರೆಂಟಿನಲ್ಲಿ ಕಾಯುವ ತಟ್ಟೆ. ಅದರ ಅಡಿಗೆ ದಪ್ಪ ಥರ್ಮೋಕೋಲ್, ಥರ್ಮೋಕೋಲಿನ ಕೆಳಗೆ ಹಲಗೆಯ ಮೇಲೆ 12 ವೋಲ್ಟಿನ ಬ್ಯಾಟರಿ.

ಇಲ್ಲಿ ಬ್ಯಾಟರಿ ಅಂಗಡಿಯವರ ಮಾತು ಉಪಕಾರಕ್ಕೆ ಬಂತು. "ಫುಲ್ ಇದ್ದಾಗ 12.7 ತೋರಿಸ್ತದೆ, ಆಮೇಲೆ ಇಳೀತಾ ಬರ್ತದೆ. ನಿಮಗೆ ಒಂದೇ ಸಮ ಬೇಕಾದ್ರೆ ಮಧ್ಯೆ ಒಂದು ಬಕ್ ಕನ್ವರ್ಟರ್ ಹಾಕಿ" ಅಂದರು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 12.7 ಇದ್ದದ್ದು 11.5ಕ್ಕೆ ಬಂದರೆ ಬಿಸಿ ನೂರಕ್ಕೆ ಹದಿನೆಂಟರಷ್ಟು ಖೋತಾ. ನಾವು ಹುಡುಕುತ್ತಿದ್ದ ವ್ಯತ್ಯಾಸವೇ ಅದಕ್ಕಿಂತ ಚಿಕ್ಕದು. ಕನ್ವರ್ಟರ್ ಹಾಕಿ 6 ವೋಲ್ಟಿಗೆ ನಿಲ್ಲಿಸಿದೆವು, ಹೀಟರ್ 30 ವ್ಯಾಟಿಗೆ ನಿಂತಿತು. ಬ್ಯಾಟರಿ ಒಂದೂ ಮುಕ್ಕಾಲು ಗಂಟೆ ಬರುತ್ತದೆ. ಹಾಗಾಗಿ ಮೊದಲು ಪಾತ್ರೆಯನ್ನು ನಿಲ್ಲಿಸಿಕೊಂಡೇ ಮನೆಯ ಕರೆಂಟಿನ ಅಡಾಪ್ಟರಿನಲ್ಲಿ ಕಾಯಿಸುವುದು, ತಾಪ ಒಂದು ಮಟ್ಟಕ್ಕೆ ನಿಂತ ಮೇಲೆ ವಯರು ಕಿತ್ತು ಬ್ಯಾಟರಿಗೆ ಹಾಕಿ ತಿರುಗಿಸುವುದು.

ಮೇಲಿನ ಪ್ಲೇಟನ್ನು ತಣ್ಣಗಿಡಲು ಹುಡುಗರು ಹೂಡಿದ ಉಪಾಯ ನನಗೆ ತುಂಬ ಹಿಡಿಸಿತು. ಸ್ಟೂಲಿನ ಮೇಲೊಂದು ಬಕೆಟ್ ಬಾವಿ ನೀರು. ಅದರಿಂದ ಆಸ್ಪತ್ರೆಯ ಸಲೈನ್ ಪೈಪು ಇಳಿಬಿಟ್ಟು, ಸರಿಯಾಗಿ ಪ್ಲೇಟಿನ ನಡುವಿಗೆ ಸಣ್ಣ ಧಾರೆ. ನಡುವಿಗೆ ಬಿದ್ದ ನೀರಿಗೆ ಕೆಳಗಿನದು ತಿರುಗಿದರೆಷ್ಟು ಬಿಟ್ಟರೆಷ್ಟು. ಅದು ಪ್ಲೇಟಿನ ಮೇಲೆ ಹರಡಿ, ಅಂಚಿನಿಂದ ತುಳುಕಿ, ಕೆಳಗಿನ ಅಗಲದ ಟಬ್ಬಿಗೆ ಬೀಳುತ್ತದೆ. ಬ್ಯಾಟರಿಗೆ ನೀರು ಸಿಡಿಯದಂತೆ ಹಳೇ ಕೊಡೆಯ ಬಟ್ಟೆಯನ್ನು ಲಂಗದ ಹಾಗೆ ಸುತ್ತ ಕಟ್ಟಿದ್ದೆವು. ಕಾರವಾರದ ಮನೆಯಲ್ಲಿ ಮುರಿದ ಕೊಡೆಗೇನು ಬರ.

ಕಾಲೇಜಿನ ಲ್ಯಾಬಿನಲ್ಲಿ ಹಗಲು ಬಿಸಿಲು, ಫ್ಯಾನು, ಬಾಗಿಲು ತೆಗೆದು ಹಾಕುವವರ ಕಾಟ. ಕೊನೆಗೆ ಕೋಡಿಬಾಗದ ನಮ್ಮ ಮನೆಯ ಸಾಮಾನಿನ ಕೋಣೆಗೆ ಎಲ್ಲವನ್ನೂ ಸಾಗಿಸಿದೆವು. ರಾತ್ರಿ ಊಟವಾದ ಮೇಲೆ ಆ ಕೋಣೆಯ ತಾಪ ಹೆಚ್ಚು ಅಲ್ಲಾಡುವುದಿಲ್ಲ.

ತುಂಬಿಸುವ ನೀರನ್ನು ಹಿಂದಿನ ದಿನವೇ ಕುದಿಸಿ ಆರಿಸಿಡಬೇಕು. ಇಲ್ಲವಾದರೆ ಕರಗಿದ ಗಾಳಿ ಕಾಯುವಾಗ ಗುಳ್ಳೆಯಾಗಿ ಬಂದು ಮೇಲಿನ ಪ್ಲೇಟಿನ ಅಡಿಗೆ ಮುತ್ತುಮುತ್ತಾಗಿ ಅಂಟಿಕೊಳ್ಳುತ್ತದೆ. ಗಾಳಿ ಇದ್ದ ಕಡೆ ಬಿಸಿ ದಾಟುವುದಿಲ್ಲ. ಕಾದ ನೀರು ಹಿಗ್ಗಲು ಜಾಗ ಬೇಕು ಅಂತ ಮೇಲಿನ ಪ್ಲೇಟಿನಲ್ಲಿ ಒಂದು ಸಣ್ಣ ತೂತು ಬಿಟ್ಟು ತುಂಡು ಪೈಪು ನಿಲ್ಲಿಸಿದ್ದೆವು. ನೀರಿನ ಓಡಾಟ ಕಾಣಲು ಬಣ್ಣ ಬಿಡುವುದೂ ಅದರಲ್ಲೇ.

ತಾಪ ನೋಡಲು ಡಿಎಸ್ 18 ಬಿ 20 ಅನ್ನುವ ಅಗ್ಗದ ಸೆನ್ಸರುಗಳು. ಇವು 0.06 ಡಿಗ್ರಿಯಷ್ಟು ಸಣ್ಣ ಏರಿಳಿತ ತೋರಿಸುತ್ತವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಡಿಗ್ರಿ ಫರಕು ಇರಬಹುದು. ಎರಡನ್ನೂ ಒಂದೇ ಥರ್ಮಾಸ್ ಫ್ಲಾಸ್ಕಿನಲ್ಲಿ ಮುಳುಗಿಸಿಟ್ಟು ಫರಕನ್ನು ಬರೆದುಕೊಂಡು ಕಳೆದರೆ ಆಯಿತು. ಅಂಕಿಗಳು ತಿರುಗುವ ಪಾತ್ರೆಯಿಂದ ವೈಫೈನಲ್ಲಿ ಮೊಬೈಲಿಗೆ ಬರುತ್ತಿದ್ದವು.

ಮೊದಲು ಪಾತ್ರೆ ತಿರುಗಿಸದೆ ನೋಡಿದೆವು. ತಳದ ಪ್ಲೇಟಿಗೂ ಮೇಲಿನದಕ್ಕೂ ಅಂತರ 4.8 ಡಿಗ್ರಿಗೆ ಬಂದು ನಿಂತಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರು ಒಂದಿಷ್ಟೂ ಅಲ್ಲಾಡದೆ ಇದ್ದಿದ್ದರೆ, ಈ ಅಂತರದಲ್ಲಿ ಬರೀ ವಹನದಿಂದ ದಾಟುವ ಬಿಸಿ 0.6 ವ್ಯಾಟ್ ಮಾತ್ರ. ನಾವು ಕೊಡುತ್ತಿದ್ದುದು 30. ಅಂದರೆ ನೀರು ಕದಡುವುದರಿಂದಲೇ ಬಿಸಿ ಸಾಗುವುದು ಸುಮಾರು 48 ಪಟ್ಟಾಗಿದೆ. ಹೀಗೆ ಎಷ್ಟು ಪಟ್ಟು ಅನ್ನುವುದಕ್ಕೇ ನಸೆಲ್ಟ್ ಸಂಖ್ಯೆ ಅನ್ನುತ್ತಾರೆ. ಬದಿಯಿಂದ ಒಂದಿಷ್ಟು ಬಿಸಿ ಸೋರುತ್ತದೆ, ನಿಜ. ಆದರೆ ತಿರುಗಿಸಿದಾಗಲೂ ಹೆಚ್ಚುಕಡಿಮೆ ಅಷ್ಟೇ ಸೋರುವುದರಿಂದ ಹೋಲಿಕೆಗೆ ತೊಂದರೆಯಿಲ್ಲ.

ಕೊಳವೆಯ ಸುತ್ತ ಹೊದಿಸಿದ್ದ ಥರ್ಮೋಕೋಲ್ ಸರಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಅದೇ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸಿರಿಂಜಿನಿಂದ ಬಿಟ್ಟೆವು. ನೀಲಿ ಒಂದು ಬದಿಯಲ್ಲಿ ಇಳಿಯಿತು, ತಳದಲ್ಲಿ ಅಡ್ಡ ಹರಿಯಿತು, ಎದುರು ಬದಿಯಲ್ಲಿ ಏರಿತು. ಇಡೀ ಪಾತ್ರೆಯಲ್ಲಿ ಒಂದೇ ದೊಡ್ಡ ಸುತ್ತು. ಒಂದು ಸುತ್ತಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಕಡೆ ತೆಳು ನೀಲಿ.

ಆಮೇಲೆ ನೀರು ಬದಲಿಸಿ, ಮತ್ತೆ ಕಾಯಿಸಿ, ನಿಮಿಷಕ್ಕೆ 5 ಸುತ್ತಿನಂತೆ ತಿರುಗಿಸಿದೆವು. ತೀರಾ ನಿಧಾನ. ನೋಡುತ್ತಾ ಕೂತರೆ ನಿದ್ದೆ ಬರುವಷ್ಟು. ಪಾತ್ರೆ ತಿರುಗಿದ ಕೂಡಲೇ ಒಳಗಿನ ನೀರು ತಿರುಗುವುದಿಲ್ಲ, ಅದು ಜೊತೆಗೂಡಲು ನಾಲ್ಕೈದು ನಿಮಿಷ ಬೇಕು. ಅಷ್ಟು ಕಾದು ನೀಲಿ ಬಿಟ್ಟಾಗ ಕಂಡದ್ದೇ ಬೇರೆ. ಆ ದೊಡ್ಡ ಸುತ್ತು ಮಾಯ. ನೀಲಿ ಹರಡಲಿಲ್ಲ. ತೆಳ್ಳಗಿನ ಪರದೆಯಂತೆ ನೆಟ್ಟಗೆ ನಿಂತಿತು, ಅಂಚು ಸುರುಳಿ ಸುತ್ತಿಕೊಂಡಿತು. ಅಲ್ಲಲ್ಲಿ ಬೆರಳಿನಷ್ಟು ದಪ್ಪದ ಸುಳಿಗಳು, ಮೇಲಿನಿಂದ ಕೆಳಗಿನವರೆಗೆ ಕಂಬಗಳ ಹಾಗೆ. ಒಂದು ಕಂಬ ಇನ್ನೊಂದರ ಹತ್ತಿರ ಸರಿಯುತ್ತದೆ, ಸೇರುತ್ತದೆ, ಹೊಸದೊಂದು ಹುಟ್ಟುತ್ತದೆ. ತಿರುಗುವ ನೀರು ಅಕ್ಷದ ಉದ್ದಕ್ಕೂ ಒಂದೇ ತರ ಇರಲು ನೋಡುತ್ತದೆ ಅಂತ ಪ್ರೌಡ್‌ಮನ್ 1916ರಲ್ಲಿ ಗಣಿತದಲ್ಲಿ ತೋರಿಸಿದರು. ಜೆಫ್ರಿ ಟೇಲರ್ 1920ರ ದಶಕದ ಶುರುವಿನಲ್ಲಿ ಬಣ್ಣ ಬಿಟ್ಟು ಅದನ್ನೇ ಕಣ್ಣಿಗೆ ಕಾಣುವಂತೆ ಮಾಡಿದರು. ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ. ಎದುರಿಗೇ ನೋಡುವಾಗ ಆ ಚಿತ್ರ ಏನೇನೂ ಅಲ್ಲ.

ಮೊಬೈಲಿನಲ್ಲಿ ಅಂತರ ಇಳಿಯತೊಡಗಿತು. 4.7, 4.6. ಕೊನೆಗೆ 4.4ರ ಹತ್ತಿರ ನಿಂತಿತು. ಅದೇ 30 ವ್ಯಾಟ್ ಈಗ ಕಡಿಮೆ ಅಂತರದಲ್ಲೇ ದಾಟುತ್ತಿದೆ. ನಸೆಲ್ಟ್ ಸಂಖ್ಯೆ 48ರಿಂದ 52ಕ್ಕೆ. ಹುಡುಗರು ನಂಬಲಿಲ್ಲ. "ಕೋಣೆ ತಣ್ಣಗಾಗಿರಬೇಕು ಮೇಡಂ" ಅಂದರು. ಮೋಟರ್ ನಿಲ್ಲಿಸಿದೆವು. ಅಂತರ ಮೆಲ್ಲಗೆ ಏರಿ 4.8ಕ್ಕೇ ವಾಪಸ್ ಬಂತು.

ಇದಕ್ಕೆ ಕಾರಣ ಪಾತ್ರೆಯ ನಡುವಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಪಠ್ಯಪುಸ್ತಕದ ಚಿತ್ರಗಳ ಮೇಲೆ ನನಗೆ ಇದೇ ಸಿಟ್ಟು. ದೊಡ್ಡ ದೊಡ್ಡ ಬಾಣದ ಸುತ್ತು ಬರೆದು ಬಿಡುತ್ತಾರೆ, ತಳದ ಹತ್ತಿರ ಏನೂ ತೋರಿಸುವುದಿಲ್ಲ. ಕದಡಿದ ನೀರಿನ ನಡುವೆ ತಾಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆ 4.8 ಡಿಗ್ರಿಯ ಬಹುಪಾಲು ಇರುವುದು ಎರಡು ಪ್ಲೇಟುಗಳಿಗೆ ಅಂಟಿದ ತೆಳು ಪದರಗಳಲ್ಲಿ. ನಮ್ಮ ಪಾತ್ರೆಯಲ್ಲಿ ಒಂದೊಂದು ಪದರ ಒಂದೂವರೆ ಮಿ.ಮೀ. ಅಷ್ಟೇ. ಬಿಸಿಗೆ ಕಷ್ಟ ಇರುವುದು ಆ ಒಂದೂವರೆ ಮಿ.ಮೀ. ದಾಟುವಲ್ಲಿ. ದಾಟಿದ ಮೇಲೆ ನಡುವಿನ ಹಾದಿ ಸಲೀಸು.

ತಿರುಗಿಸಿದಾಗ ಈ ಪದರಕ್ಕೆ ಒಂದು ಸಹಾಯ ಸಿಗುತ್ತದೆ. ಚಹಾ ಕದಡಿ ಬಿಟ್ಟರೆ ಚಹಾಪುಡಿ ಲೋಟದ ತಳದ ನಡುವಿಗೆ ಬಂದು ಗುಡ್ಡೆಯಾಗುತ್ತದಲ್ಲ, ಅದೇ ಕಥೆ ಇದು. 1926ರಲ್ಲಿ ಐನ್‌ಸ್ಟೈನ್ ಇದನ್ನು ವಿವರಿಸಿ ಬರೆದಿದ್ದರು. ಸುಳಿಯ ನಡುವೆ ಒತ್ತಡ ಕಡಿಮೆ. ಮೇಲೆ ನೀರು ಜೋರಾಗಿ ಸುತ್ತುತ್ತಿರುವುದರಿಂದ ಒಳಗೆ ನುಗ್ಗದೆ ನಿಲ್ಲುತ್ತದೆ. ತಳಕ್ಕೆ ತಾಗಿದ ನೀರಿಗೆ ಘರ್ಷಣೆಯಿಂದ ವೇಗ ತಗ್ಗಿರುತ್ತದೆ, ಅದು ನಡುವಿಗೆ ನುಗ್ಗುತ್ತದೆ. ನುಗ್ಗಿದ್ದು ಹೋಗುವುದೆಲ್ಲಿಗೆ? ಮೇಲಕ್ಕೆ. ಹಾಗೆ ಪ್ರತಿ ಸುಳಿಯೂ ತನ್ನ ಬುಡದ ಬಿಸಿ ಪದರವನ್ನು ಹೀರಿ ಮೇಲಕ್ಕೆ ಸಾಗಿಸುತ್ತದೆ. ಮೇಲಿನ ಪ್ಲೇಟಿನಲ್ಲಿ ಇದೇ ತಲೆಕೆಳಗಾಗಿ, ತಣ್ಣೀರಿಗೆ. ಘರ್ಷಣೆಯ ಈ ಪದರಕ್ಕೆ ಸ್ವೀಡನ್ನಿನ ಎಕ್‌ಮನ್ ಅವರ ಹೆಸರಿದೆ. 1905ರಲ್ಲಿ ಅವರು ಇದನ್ನು ಬರೆದದ್ದು ಸಮುದ್ರದ ಮೇಲೆ ಬೀಸುವ ಗಾಳಿಯ ಬಗ್ಗೆ.

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸಿದ ಭಾಗ. ಎಕ್‌ಮನ್ ಪದರದ ದಪ್ಪ ನೀರಿನ ಸ್ನಿಗ್ಧತೆ (ಅಂಟುತನ) ಮತ್ತು ತಿರುಗುವ ವೇಗ, ಇವೆರಡರ ಮೇಲೆ ನಿಂತಿದೆ. ಜೋರಾಗಿ ತಿರುಗಿಸಿದಷ್ಟೂ ಪದರ ತೆಳು. ನಿಮಿಷಕ್ಕೆ 5 ಸುತ್ತಿನಲ್ಲಿ ಅದು ಸುಮಾರು 1.2 ಮಿ.ಮೀ. ಬಿಸಿಯ ಪದರ ಒಂದೂವರೆ. ಎರಡೂ ಹತ್ತಿರ ಹತ್ತಿರ. ಹೀರುವ ಪದರವೂ ಬಿಸಿ ಇರುವ ಪದರವೂ ಒಂದೇ ದಪ್ಪದ್ದಾದಾಗ ಹೀರಿದ್ದೆಲ್ಲ ಬಿಸಿ ನೀರೇ. ಲಾಭ ಜಾಸ್ತಿ ಆಗುವುದು ಅಲ್ಲೇ.

ಹಾಗಾದರೆ ಜೋರಾಗಿ ತಿರುಗಿಸಿ ನೋಡೋಣ ಅಂತ ಹಳೇ ಗ್ರಾಮಫೋನ್ ತಟ್ಟೆಯ ವೇಗಕ್ಕೆ, ನಿಮಿಷಕ್ಕೆ 33 ಸುತ್ತಿಗೆ ಏರಿಸಿದೆವು. ಬೆಲ್ಟು ಚೀರಿತು. ಅಮ್ಮ ಬಾಗಿಲಲ್ಲಿ ನಿಂತು "ಇದು ಹಾರಿ ಹೋಗೂದಿಲ್ಲ ಅಲ್ಲ?" ಅಂದಳು. ಹಾರಲಿಲ್ಲ. ಅಂತರ ಮಾತ್ರ ಏರುತ್ತಾ ಹೋಯಿತು. 5 ದಾಟಿತು, ಆರಕ್ಕೂ ನಿಲ್ಲದೆ 6.1ರ ಸುತ್ತ ಬಂದು ಕೂತಿತು. ನಸೆಲ್ಟ್ ಸಂಖ್ಯೆ 38ಕ್ಕೆ ಬಿತ್ತು. ತಿರುಗಿಸದೆ ಇದ್ದಾಗಿನದಕ್ಕಿಂತ ಕಡಿಮೆ. ಈ ವೇಗದಲ್ಲಿ ಎಕ್‌ಮನ್ ಪದರ ಅರ್ಧ ಮಿ.ಮೀ.ಗಿಂತಲೂ ತೆಳು. ಅಷ್ಟರಿಂದ ಹೀರಿ ಆಗುವುದು ಅಷ್ಟಕ್ಕಷ್ಟೇ. ಇನ್ನೊಂದು ಕಡೆ ಚಂದ್ರಶೇಖರರ ತಡೆ ಬಲವಾಗಿದೆ. ಇಷ್ಟು ವೇಗದಲ್ಲಿ ನೀರು ಕದಲಲು ಬೇಕಾದ ಅಂತರದ ನಾಲ್ಕೈದು ಪಟ್ಟಷ್ಟು ಮಾತ್ರ ನಮ್ಮ ಹೀಟರಿನಿಂದ ಸಿಗುತ್ತಿತ್ತು. ನೀಲಿ ಬಿಟ್ಟಾಗ ಕಂಬಗಳು ಪೆನ್ಸಿಲ್ಲಿಗಿಂತ ಸಪೂರ, ಒತ್ತೊತ್ತಾಗಿ.

ಅಲ್ಲಿಗೆ ನಮ್ಮ ಹಿರಿಯರ ಮಾತೂ ಉಳಿಯಿತು, ರಾಸ್ಬಿಯದ್ದೂ ಉಳಿಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ಗ್ರಾಫ್ ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ನೋಡಿ, "33ರದ್ದು ನಾನು ಹೇಳಿದ್ದೇ ಅಲ್ವಾ" ಅಂದರು.

ಬೇರೆ ವೇಗಗಳಲ್ಲೂ ನೋಡಿದೆವು, ಅವೆಲ್ಲ ಈ ಮೂರರ ನಡುವೆಯೇ ಬಂದವು. ತೀರಾ ನಿಧಾನದ ಕಡೆ ನಮ್ಮ ಮೋಟರ್ ಎಳೆಯಲಿಲ್ಲ, ಜಗ್ಗಿ ಜಗ್ಗಿ ತಿರುಗಿತು. ಅಲ್ಲೂ ಒಂದು ಸೋಜಿಗವಿದೆ. ಗುಂಟರ್ ಆಲರ್ಸ್, ಡೆಟ್ಲೆಫ್ ಲೋಸ ಮತ್ತು ಜೊತೆಗಾರರು 2009ರಲ್ಲಿ ಅಮೆರಿಕದ ಲ್ಯಾಬಿನ ಅಳತೆಯನ್ನೂ ಯುರೋಪಿನ ಕಂಪ್ಯೂಟರ್ ಲೆಕ್ಕವನ್ನೂ ಒಟ್ಟಿಗಿಟ್ಟು ತೋರಿಸಿದ್ದು ಅದನ್ನೇ. ಒಂದು ವೇಗದವರೆಗೆ ಏನೂ ಆಗುವುದಿಲ್ಲ, ಆ ಗೆರೆ ದಾಟಿದ ಮೇಲೆ ಒಮ್ಮೆಲೇ ಲಾಭ ಶುರುವಾಗುತ್ತದೆ. ನಮ್ಮ ಪಾತ್ರೆಗೆ ಲೆಕ್ಕ ಹಾಕಿದರೆ ಆ ಗೆರೆ ಬರುವುದು ಒಂದೂವರೆ ನಿಮಿಷಕ್ಕೊಂದು ಸುತ್ತಿನ ಆಸುಪಾಸು. ಅದನ್ನು ನೋಡಲು ಒಳ್ಳೆಯ ಗೇರಿನ ಮೋಟರ್ ಬೇಕು.

ಪಾದರಸದಲ್ಲಿ ರಾಸ್ಬಿಗೆ ಲಾಭ ಯಾಕೆ ಸಿಗಲಿಲ್ಲ? ಪಾದರಸದಲ್ಲಿ ಬಿಸಿ ತಾನಾಗಿಯೇ ಬೇಗ ಹರಡುತ್ತದೆ. ಸುಳಿ ಹೀರಿ ತಂದ ಬಿಸಿ ಮೇಲೆ ತಲುಪುವ ಮೊದಲೇ ಕಂಬದಿಂದ ಅಕ್ಕಪಕ್ಕಕ್ಕೆ ಸೋರಿ ಹೋಗುತ್ತದೆ. ಭೂಮಿಯ ಹೊರಗರ್ಭದ ಕರಗಿದ ಕಬ್ಬಿಣದ್ದೂ ಪಾದರಸದ ಜಾತಿಯೇ. ನಮ್ಮ ದಿಕ್ಸೂಚಿ ಉತ್ತರ ತೋರಿಸುವುದು ಆ ಕಬ್ಬಿಣ ತಿರುಗುತ್ತಾ ಕದಡುತ್ತಿರುವುದರಿಂದ. ನೀರಿನ ಅಂಕಿಯನ್ನು ಅದಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ.

ಪ್ರಾಜೆಕ್ಟಿನ ವೈವಾದಲ್ಲಿ ಪರೀಕ್ಷಕರು ಕೇಳಿದ್ದು, "ಭೂಮಿಯೇ ತಿರುಗ್ತಾ ಇದೆಯಲ್ಲ, ನಿಂತ ಪಾತ್ರೆಯಲ್ಲೂ ಅದರ ಪ್ರಭಾವ ಇರಬೇಕಲ್ಲ?" ಹುಡುಗರು ಲೆಕ್ಕ ಮಾಡಿಟ್ಟುಕೊಂಡಿದ್ದರು. ಕಾರವಾರ ಇರುವುದು 14.8 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಭೂಮಿಯ ತಿರುಗುವಿಕೆ ಹರಿಯುವ ನೀರನ್ನು ಪೂರ್ತಿ ಒಂದು ಸುತ್ತು ಬಾಗಿಸಲು ಸುಮಾರು 47 ಗಂಟೆ ಬೇಕು. ಪಾತ್ರೆಯ ನೀರು ಒಂದು ನಿಮಿಷದೊಳಗೆ ಮೇಲೆ ಕೆಳಗೆ ಹೋಗಿ ಬಂದಿರುತ್ತದೆ. ಅದಕ್ಕೆ ಭೂಮಿಯ ಸುದ್ದಿಯೇ ತಿಳಿಯುವುದಿಲ್ಲ.

ಸಮುದ್ರದ ಮಾತು ಬೇರೆ. ಚಳಿಗಾಲದಲ್ಲಿ ಗುಜರಾತಿನಾಚೆಯ ಉತ್ತರ ಅರಬ್ಬೀ ಸಮುದ್ರದ ಮೇಲೆ ಒಣ ಗಾಳಿ ಬೀಸುತ್ತದೆ. ಮೇಲ್ನೀರು ತಣ್ಣಗಾಗಿ, ಉಪ್ಪು ಹೆಚ್ಚಾಗಿ, ಮುಳುಗುತ್ತದೆ. ಸುಮಾರು 100 ಮೀಟರ್ ಆಳದವರೆಗೆ ಕದಡಿ ಅಡಿಯ ಪೋಷಕಾಂಶ ಮೇಲೆ ಬರುತ್ತದೆ, ಹಸಿರು ಪ್ಲವಕ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯ, ಹುಲುಸಾಗುತ್ತದೆ. ಪಕ್ಕದ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 1990ರ ದಶಕದಲ್ಲಿ ಹಡಗಿನಲ್ಲಿ ಹೋಗಿ ಇದನ್ನು ಅಳೆದಿದ್ದಾರೆ. ಇಲ್ಲಿ ನೀರು ಕೆಲವು ಗಂಟೆಗಳಲ್ಲಿ ಮುಳುಗಿ ಮುಗಿಸುವುದರಿಂದ ತಿರುಗುವಿಕೆಗೆ ಹೆಚ್ಚು ಕೆಲಸವಿಲ್ಲ. ಆದರೆ ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರದಂಥ ಕಡೆ ನೀರು ಒಂದೆರಡು ಕಿ.ಮೀ. ಇಳಿಯುತ್ತದೆ, ಅಕ್ಷಾಂಶವೂ ಮೇಲಿನದು. ಅಲ್ಲಿ ತಿರುಗುವಿಕೆ ತನ್ನ ಕೈ ತೋರಿಸುತ್ತದೆ.

ಯಾರಾದರೂ ಮಾಡಿ ನೋಡುವುದಾದರೆ ಒಂದೆರಡು ಮಾತು. ಪಾತ್ರೆಯ ಬಾಯಿ ತೆರೆದಿಟ್ಟು ಬಿಸಿ ನೀರು ಆರುವುದನ್ನು ನೋಡಿ ಪ್ರಯೋಜನವಿಲ್ಲ. ಅಲ್ಲಿ ಬಿಸಿಗೆ ತಡೆ ಇರುವುದು ಮೇಲಿನ ಗಾಳಿಯಲ್ಲಿ, ನೀರಿನಲ್ಲಲ್ಲ. ಮೇಲೆ ಲೋಹದ ಮುಚ್ಚಳ ನೀರಿಗೆ ತಾಗಿಯೇ ಇರಬೇಕು. ತಣ್ಣಗಿಡಲು ಐಸ್ ಬೇಡ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದದ್ದು ಮುಳುಗದೆ ಮುಚ್ಚಳಕ್ಕೇ ಅಂಟಿ ಕೂರುತ್ತದೆ. ವೇಗ ಆರಿಸುವುದು ಹೀಗೆ. ಮೊದಲು ನಿಲ್ಲಿಸಿಟ್ಟು ನಸೆಲ್ಟ್ ಸಂಖ್ಯೆ ತೆಗೆಯಿರಿ. ಪಾತ್ರೆಯ ಎತ್ತರವನ್ನು ಅದರ ಎರಡು ಪಟ್ಟಿನಿಂದ ಭಾಗಿಸಿದರೆ ಬಿಸಿ ಪದರದ ದಪ್ಪ ಸಿಗುತ್ತದೆ. ಎಕ್‌ಮನ್ ಪದರ ಸುಮಾರು ಅಷ್ಟೇ ಆಗುವ ವೇಗದಿಂದ ಶುರುಮಾಡಿ. ಮೋಟರ್ ಕೊಳ್ಳುವ ಮೊದಲೇ ಈ ಲೆಕ್ಕ ಮಾಡಿಕೊಂಡರೆ ಒಳ್ಳೆಯದು, ಬರುವ ಉತ್ತರ ನೀವು ಅಂದುಕೊಂಡಿದ್ದಕ್ಕಿಂತ ತುಂಬ ನಿಧಾನವೇ ಇರುತ್ತದೆ.